ಒಂದು ಫೈಲ್ ಓದೋಕೆ ಒಂದರೊಳಗೊಂದು ನಾಲ್ಕು ಆಬ್ಜೆಕ್ಟ್ ಯಾಕೆ?

ಪ್ರಶ್ನೆ: "ಸರ್, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ. ಮಿನಿ ಪ್ರಾಜೆಕ್ಟ್‌ಗೆ ಎಪಿಎಂಸಿಯ ಮೆಕ್ಕೆಜೋಳದ ದರ ಇರುವ ಒಂದು ಫೈಲನ್ನು ಜಾವಾದಲ್ಲಿ ಓದಬೇಕು. ಫೈಲ್ ಜಿಜಿಪ್ ಮಾಡಿದ್ದು, ಅಂದರೆ ಒತ್ತಿ ಚಿಕ್ಕದು ಮಾಡಿದ್ದು. ಒಳಗೆ ತಾಲ್ಲೂಕಿನ ಹೆಸರು ಕನ್ನಡದಲ್ಲಿದೆ. ನೆಟ್‌ನಲ್ಲಿ ಸಿಕ್ಕ ಕೋಡ್‌ನಲ್ಲಿ ಒಂದು ನ್ಯೂ (ಹೊಸ ಆಬ್ಜೆಕ್ಟ್ ಕಟ್ಟುವ ಪದ) ಒಳಗೆ ಇನ್ನೊಂದು ನ್ಯೂ, ಅದರೊಳಗೆ ಮತ್ತೊಂದು. ಕೆಲಸ ಮಾಡುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಒಂದೇ ಕ್ಲಾಸ್ ಸಾಕಾಗ್ತಿರಲಿಲ್ವಾ?"

ಉತ್ತರ: ಜಾವಾ ಕಲಿಯುವ ಬಹಳ ಜನ ಕೇಳುವ ಪ್ರಶ್ನೆ ಇದು. ಕೇಳಲೇಬೇಕಾದದ್ದು ಕೂಡ. ಆ ಸಾಲನ್ನು ಸುಮ್ನೆ ಕಾಪಿ ಮಾಡಿ ಪ್ರಾಜೆಕ್ಟ್ ಮುಗಿಸಬಹುದು. ಆದರೆ ಫೈಲ್ ಸ್ವಲ್ಪ ಬದಲಾದ ದಿನ ಎಲ್ಲಿ ಕೈ ಹಾಕಬೇಕು ಅಂತ ತಿಳಿಯುವುದಿಲ್ಲ.

ಮೊದಲು ಆ ಸಾಲನ್ನು ಒಳಗಿನಿಂದ ಹೊರಕ್ಕೆ ಓದಿ. ತೀರಾ ಒಳಗಿರುವುದು ಫೈಲ್‌ಇನ್‌ಪುಟ್‌ಸ್ಟ್ರೀಮ್. ಡಿಸ್ಕ್‌ನಿಂದ ಬೈಟ್ ತರುವುದಷ್ಟೇ ಅದರ ಕೆಲಸ. ಆ ಬೈಟ್‌ಗಳ ಅರ್ಥ ಅದಕ್ಕೆ ಬೇಕಿಲ್ಲ. ಅದರ ಮೇಲೆ ಜಿಜಿಪ್‌ಇನ್‌ಪುಟ್‌ಸ್ಟ್ರೀಮ್. ಇದು ಒಳಗಿನದರಿಂದ ಬೈಟ್ ಕೇಳಿ ಪಡೆದು, ಬಿಚ್ಚಿ, ಮೇಲಕ್ಕೆ ಕೊಡುತ್ತದೆ. ಅದರ ಮೇಲೆ ಇನ್‌ಪುಟ್‌ಸ್ಟ್ರೀಮ್‌ರೀಡರ್. ಬೈಟ್ ಅಕ್ಷರವಾಗುವುದು ಇಲ್ಲಿ. ಎಲ್ಲಕ್ಕಿಂತ ಹೊರಗೆ ಬಫರ್ಡ್‌ರೀಡರ್. ನೀವು ರೀಡ್‌ಲೈನ್ ಅಂತ ಕರೆದಾಗ "ಜಗಳೂರು, ಮೆಕ್ಕೆಜೋಳ" ಅಂತ ಶುರುವಾಗುವ ಸಾಲು ಕೈಗೆ ಕೊಡುವುದು ಇದೇ.

ಇಲ್ಲಿ ಡೇಟಾ ತಾನಾಗಿ ಹರಿದು ಬರುವುದಿಲ್ಲ. ಹೊರಗಿನದು ಕೇಳಿದರೆ ಮಾತ್ರ ಒಳಗಿನದು ಕೊಡುತ್ತದೆ. ನೀವು ಕೇಳುವುದು ಬಫರ್ಡ್‌ರೀಡರನ್ನು, ಅದು ತನ್ನೊಳಗಿರುವುದನ್ನು ಕೇಳುತ್ತದೆ, ಹಾಗೆ ಕೊನೆಗೆ ಡಿಸ್ಕ್ ತನಕ.

ಇನ್ನು ಒಂದೇ ಕ್ಲಾಸ್ ಯಾಕೆ ಸಾಲದು ಅನ್ನೋದು. ಡೇಟಾ ಬರುವ ಜಾಗ ಮೂರು ಅಂದುಕೊಳ್ಳಿ: ಫೈಲ್, ನೆಟ್‌ವರ್ಕ್, ಮೆಮೊರಿಯಲ್ಲಿರುವ ಬೈಟ್ ಅರೇ. ಮೇಲೆ ಬೇಕಾಗಬಹುದಾದ ಕೆಲಸಗಳೂ ಮೂರು: ಬಫರ್ ಮಾಡುವುದು (ಒಂದು ಸಲಕ್ಕೆ ಒಂದಿಷ್ಟು ತಂದು ಇಟ್ಟುಕೊಳ್ಳುವುದು), ಜಿಜಿಪ್ ಬಿಚ್ಚುವುದು, ಎನ್‌ಕ್ರಿಪ್ಟ್ ಆದದ್ದನ್ನು ಬಿಡಿಸುವುದು. ಪ್ರತಿ ಕೆಲಸವೂ ಬೇಕು ಅಥವಾ ಬೇಡ, ಹಾಗಾಗಿ 8 ಜೋಡಣೆ. ಮೂರು ಜಾಗಕ್ಕೆ 24. ಇನ್‌ಹೆರಿಟೆನ್ಸ್ (ಒಂದು ಕ್ಲಾಸ್‌ನಿಂದ ಇನ್ನೊಂದನ್ನು ಹುಟ್ಟಿಸುವುದು) ಒಂದನ್ನೇ ನಂಬಿದರೆ 24 ಕ್ಲಾಸ್ ಬರೆಯಬೇಕು. ನಾಲ್ಕನೇ ಕೆಲಸ ಒಂದು ಸೇರಿದರೆ 48. ಒಂದರ ಮೇಲೊಂದು ಸುತ್ತುವ ದಾರಿಯಲ್ಲಿ ಮೂರು ಮತ್ತು ಮೂರು, ಆರೇ ಕ್ಲಾಸ್. ನಾಲ್ಕನೆಯ ಕೆಲಸಕ್ಕೆ ಏಳು.

ಇದು ಸಾಧ್ಯವಾಗುವುದು ಒಂದೇ ಕಾರಣಕ್ಕೆ. ಜಿಜಿಪ್‌ಇನ್‌ಪುಟ್‌ಸ್ಟ್ರೀಮ್ ತನ್ನೊಳಗೆ ಒಂದು ಇನ್‌ಪುಟ್‌ಸ್ಟ್ರೀಮ್ ಇಟ್ಟುಕೊಂಡಿರುತ್ತದೆ, ತಾನೂ ಒಂದು ಇನ್‌ಪುಟ್‌ಸ್ಟ್ರೀಮ್ ಆಗಿರುತ್ತದೆ. ಒಳಗಿರುವುದು ಫೈಲೋ ನೆಟ್‌ವರ್ಕೋ ಅದಕ್ಕೆ ಬೇಕಿಲ್ಲ. ಮೇಲಿನವರಿಗೂ ತಮ್ಮ ಕೈಯಲ್ಲಿರುವುದು ಜಿಜಿಪ್ ಅಂತ ತಿಳಿಯಬೇಕಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಪಾಠದಲ್ಲಿ ಇದಕ್ಕೆ ಡೆಕೊರೇಟರ್ ಪ್ಯಾಟರ್ನ್ ಅನ್ನುತ್ತಾರೆ. 1996ರ ಮೊದಲ ಜಾವಾದಲ್ಲೇ ಫಿಲ್ಟರ್‌ಇನ್‌ಪುಟ್‌ಸ್ಟ್ರೀಮ್ ಎಂಬ ಕ್ಲಾಸ್ ಇತ್ತು. ಸುತ್ತುವ ಕ್ಲಾಸ್‌ಗಳಲ್ಲಿ ಬಹುಪಾಲು ಅದರ ಮಕ್ಕಳೇ. ರೀಡರ್‌ಗಳು ಬಂದದ್ದು ಮರುವರ್ಷ, 1.1 ಆವೃತ್ತಿಯಲ್ಲಿ.

ಬಫರ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬರಿಯ ಫೈಲ್‌ಇನ್‌ಪುಟ್‌ಸ್ಟ್ರೀಮ್‌ನಲ್ಲಿ ಒಂದೊಂದೇ ಬೈಟ್ ಓದಿದರೆ ಪ್ರತಿ ಬೈಟಿಗೂ ಆಪರೇಟಿಂಗ್ ಸಿಸ್ಟಮ್ ಬಾಗಿಲು ತಟ್ಟಬೇಕು. ಲಾರಿ ತುಂಬ ಬಂದ ಜೋಳವನ್ನು ಕಾಳು ಕಾಳಾಗಿ ಇಳಿಸಿದ ಹಾಗೆ. 1 ಎಂಬಿ ಫೈಲಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಕರೆ. ಬಫರ್ಡ್‌ಇನ್‌ಪುಟ್‌ಸ್ಟ್ರೀಮ್ ಒಂದು ಸಲಕ್ಕೆ 8192 ಬೈಟ್ ತರುತ್ತದೆ, 128 ಕರೆಯಲ್ಲಿ ಮುಗಿಯಿತು. ಎಲ್ಲ ಪದರಕ್ಕೂ ಬಫರ್ ಹಾಕುವುದು ಬೇಡ. ಇನ್‌ಪುಟ್‌ಸ್ಟ್ರೀಮ್‌ರೀಡರ್ ಒಳಗೆ ಆಗಲೇ ಒಂದು ಇದೆ. ಜಿಜಿಪ್‌ನದು ಮಾತ್ರ ಚಿಕ್ಕದು, ನೀವು ಏನೂ ಹೇಳದಿದ್ದರೆ 512 ಬೈಟ್. ಅದನ್ನು ದೊಡ್ಡದು ಮಾಡಿಕೊಳ್ಳಿ.

ಬೈಟ್ ಅಕ್ಷರವಾಗುವ ಪದರದ ಹತ್ತಿರ ಕನ್ನಡದವರು ನಿಂತು ನೋಡಲೇಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಗಳಲ್ಲಿ ಒಂದಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. "ದಾವಣಗೆರೆ" ಅನ್ನುವುದರಲ್ಲಿ ದ, ದೀರ್ಘ, ವ, ಣ, ಗ, ಎತ್ವ, ರ, ಎತ್ವ ಸೇರಿ 8 ಸಂಕೇತ, ಅಂದರೆ 24 ಬೈಟ್. ಪ್ರತಿ ಸಂಕೇತದ ಮೊದಲ ಬೈಟ್ 224. ಇನ್‌ಪುಟ್‌ಸ್ಟ್ರೀಮ್‌ರೀಡರ್‌ಗೆ ಇದು ಯುಟಿಎಫ್-8 ಅಂತ ಹೇಳದಿದ್ದರೆ, 2022ರಲ್ಲಿ ಬಂದ ಜಾವಾ 18ಕ್ಕಿಂತ ಹಳೆಯ ಆವೃತ್ತಿಗಳು ಆ ಕಂಪ್ಯೂಟರಿನ ಪದ್ಧತಿಯನ್ನೇ ಹಿಡಿಯುತ್ತವೆ. ವಿಂಡೋಸ್ ಯಂತ್ರದಲ್ಲಿ ಅದು ಸಾಮಾನ್ಯವಾಗಿ ವಿಂಡೋಸ್-1252. ಆಗ ದಾವಣಗೆರೆ 24 ವಿಚಿತ್ರ ಚಿಹ್ನೆಗಳಾಗಿ ಒಡೆಯುತ್ತದೆ. ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ "ಎ", ಪಕ್ಕದಲ್ಲಿ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಕಂಡರೆ ತೊಂದರೆ ಫೈಲಿನಲ್ಲಿ ಇಲ್ಲ, ಈ ಪದರದಲ್ಲಿದೆ. ಲ್ಯಾಬಿನ ಲಿನಕ್ಸ್‌ನಲ್ಲಿ ಸರಿ ಇದ್ದ ಪ್ರೋಗ್ರಾಮ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ಕೆಡುವುದು ಹೀಗೆ. ಜಾವಾ ಯಾವ ಆವೃತ್ತಿಯೇ ಇರಲಿ, ಯುಟಿಎಫ್-8 ಅಂತ ಬಾಯಿಬಿಟ್ಟು ಬರೆಯಿರಿ. ನಮ್ಮ ಊರಿನ ಹೆಸರು ನಮ್ಮದೇ ಪ್ರೋಗ್ರಾಮಿನಲ್ಲಿ ಒಡೆದು ಕಾಣಬಾರದು ಅಲ್ವಾ?

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಆದರೆ ಮಾತ್ರ ಇದರಿಂದ ಉಪಯೋಗವಿಲ್ಲ. ಅಲ್ಲಿ ಬೈಟ್‌ಗಳು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳವೇ, ಫಾಂಟ್ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು.

ಇನ್ನೊಂದು ಕಾಟ ಎಕ್ಸೆಲ್‌ನದು. ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡಿದರೆ ಫೈಲಿನ ತಲೆಯಲ್ಲಿ 239, 187, 191 ಅಂತ ಮೂರು ಬೈಟ್ ಸೇರುತ್ತವೆ. ಜಾವಾ ಅವನ್ನು ತೆಗೆಯುವುದಿಲ್ಲ. ಹಾಗಾಗಿ ಮೊದಲ ಕಾಲಮ್‌ನ ಹೆಸರು "ತಾಲ್ಲೂಕು" ಅಂತ ಕಣ್ಣಿಗೆ ಕಂಡರೂ ಈಕ್ವಲ್ಸ್ ಹಾಕಿ ಹೋಲಿಸಿದರೆ ಫಾಲ್ಸ್ ಬರುತ್ತದೆ. ಇದಕ್ಕೂ ಒಂದು ಪದರ ಸುತ್ತಬಹುದು: ಪುಶ್‌ಬ್ಯಾಕ್‌ಇನ್‌ಪುಟ್‌ಸ್ಟ್ರೀಮ್. ಮೂರು ಬೈಟ್ ಓದಿ ನೋಡಿ. ಆ ಮೂರೇ ಆದರೆ ಬಿಟ್ಟುಬಿಡಿ, ಅಲ್ಲದಿದ್ದರೆ ಅನ್‌ರೀಡ್ ಮಾಡಿ ವಾಪಸ್ ತಳ್ಳಿ. ಅದಕ್ಕೆ ಮಾಮೂಲಿ ಜಾಗ ಒಂದೇ ಬೈಟಿನದು, ಕಟ್ಟುವಾಗಲೇ 3 ಅಂತ ಕೊಡಬೇಕು.

ನಿಮ್ಮದೇ ಫಿಲ್ಟರ್ ಬರೆದಾಗ ಈ ವಿಷಯ ನಿಜವಾಗಿ ಮನಸ್ಸಿಗೆ ಇಳಿಯುತ್ತದೆ. ಒಮ್ಮೆ ಬರೆದು ನೋಡಿ ಅಂತ ಒತ್ತಾಯ ಮಾಡುತ್ತೇನೆ. ಸುಲಭದ ಒಂದನ್ನು ತೆಗೆದುಕೊಳ್ಳೋಣ. ವಿಂಡೋಸ್‌ನಿಂದ ಬಂದ ಫೈಲಿನಲ್ಲಿ ಪ್ರತಿ ಸಾಲಿನ ಕೊನೆಗೆ 13, 10 ಅಂತ ಎರಡು ಬೈಟ್ ಇರುತ್ತವೆ. 13ನ್ನು ಕಿತ್ತುಹಾಕುವ ಕ್ಲಾಸ್ ಬೇಕು. ಫಿಲ್ಟರ್‌ಇನ್‌ಪುಟ್‌ಸ್ಟ್ರೀಮನ್ನು ಎಕ್ಸ್‌ಟೆಂಡ್ ಮಾಡಿ. ರೀಡ್ ಮೆಥಡ್‌ನಲ್ಲಿ ಒಳಗಿನದರಿಂದ ಒಂದು ಬೈಟ್ ಕೇಳಿ, 13 ಆದರೆ ಮತ್ತೆ ಕೇಳಿ, ಬೇರೆಯಾದರೆ ವಾಪಸ್ ಕೊಡಿ. ರೀಡ್ ಕೊಡುವುದು ಬೈಟ್ ಅಲ್ಲ, ಇಂಟ್: 0ಯಿಂದ 255ರವರೆಗೆ, ಮುಗಿದಾಗ -1. ಅದನ್ನು ಮೊದಲೇ ಬೈಟ್‌ಗೆ ಕ್ಯಾಸ್ಟ್ ಮಾಡಿದರೆ 255 ಕೂಡ -1 ಆಗಿ, ಫೈಲ್ ನಡುವೆಯೇ ಮುಗಿಯಿತು ಅಂತ ಲೂಪ್ ನಿಂತುಬಿಡುತ್ತದೆ.

ಒಂದೊಂದೇ ಬೈಟ್ ಓದಿ ಪರೀಕ್ಷಿಸಿದರೆ ನಿಮ್ಮ ಫಿಲ್ಟರ್ ಸರಿಯಾಗಿ ಕೆಲಸ ಮಾಡುತ್ತದೆ. ಮೇಲೆ ಇನ್‌ಪುಟ್‌ಸ್ಟ್ರೀಮ್‌ರೀಡರ್ ಸುತ್ತಿದ ತಕ್ಷಣ ಒಂದು 13 ಕೂಡ ಹೋಗುವುದಿಲ್ಲ! ಯಾಕೆಂದರೆ ರೀಡರ್ ಒಂದೊಂದೇ ಬೈಟ್ ಕೇಳುವುದಿಲ್ಲ. ಅದು ಅರೇ ಕೊಟ್ಟು ತುಂಬಿಸಿಕೊಡು ಅನ್ನುವ ಇನ್ನೊಂದು ರೀಡನ್ನು ಕರೆಯುತ್ತದೆ. ಫಿಲ್ಟರ್‌ಇನ್‌ಪುಟ್‌ಸ್ಟ್ರೀಮ್ ಆ ಕರೆಯನ್ನು ನಿಮ್ಮ ಮೆಥಡ್‌ಗೆ ಕಳಿಸದೆ ನೇರ ಒಳಗಿನ ಸ್ಟ್ರೀಮ್‌ಗೆ ಕೊಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಎರಡೂ ರೀಡ್‌ಗಳನ್ನು ಓವರ್‌ರೈಡ್ ಮಾಡಬೇಕು, ಅಂದರೆ ನಿಮ್ಮ ಕ್ಲಾಸ್‌ನಲ್ಲಿ ಮತ್ತೆ ಬರೆಯಬೇಕು. ಅರೇ ರೀಡ್‌ನಲ್ಲಿ ಒಳಗಿನದರಿಂದ ತುಂಬಿಸಿಕೊಂಡು, 13 ಬಿಟ್ಟು ಉಳಿದವನ್ನು ಮುಂದಕ್ಕೆ ಸರಿಸಿ, ಎಷ್ಟು ಉಳಿಯಿತೋ ಅಷ್ಟನ್ನು ಹೇಳಬೇಕು. ಬಂದದ್ದೆಲ್ಲ 13 ಆಗಿ ಏನೂ ಉಳಿಯದಿದ್ದರೆ 0 ಕೊಡಬೇಡಿ, ಮತ್ತೆ ಓದಿ. ಜಾಗ ಇದ್ದೂ 0 ಕೊಡುವುದು ಸ್ಟ್ರೀಮ್‌ನ ಒಪ್ಪಂದಕ್ಕೆ ವಿರುದ್ಧ, ರೀಡರ್ ಎಕ್ಸೆಪ್ಷನ್ (ತಪ್ಪಾಗಿದೆ ಅನ್ನುವ ಸೂಚನೆ) ಎಸೆಯುತ್ತದೆ.

ಈ ಫಿಲ್ಟರ್ ಕನ್ನಡದ ಅಕ್ಷರ ಕೆಡಿಸುವುದಿಲ್ಲವೇ? ಯುಟಿಎಫ್-8 ಆದರೆ ಇಲ್ಲ. ಅದರಲ್ಲಿ ಒಂದಕ್ಕಿಂತ ಜಾಸ್ತಿ ಬೈಟ್ ಇರುವ ಅಕ್ಷರದ ಎಲ್ಲ ಬೈಟ್‌ಗಳೂ 128 ಅಥವಾ ಮೇಲೆ, 13 ಅಲ್ಲಿ ಬರಲಾರದು. ಹಳೆಯ ನೋಟ್‌ಪ್ಯಾಡ್‌ನ "ಯೂನಿಕೋಡ್" ಆಯ್ಕೆಯಲ್ಲಿ ಸೇವ್ ಆದ ಯುಟಿಎಫ್-16 ಫೈಲ್ ಆದರೆ ಕಥೆ ಬೇರೆ. ಅಲ್ಲಿ ಸಾಲಿನ ಕೊನೆಯ 13 ಕೂಡ ಎರಡು ಬೈಟಿನದು. ಒಂದನ್ನು ಕಿತ್ತರೆ ಮುಂದಿನದೆಲ್ಲ ಒಂದು ಬೈಟ್ ಜರುಗಿ ಪೂರ್ತಿ ಹಾಳು. ಅಂಥ ಫೈಲಿಗೆ ಬೈಟ್ ಮಟ್ಟದ ಫಿಲ್ಟರ್ ಬೇಡವೇ ಬೇಡ. ಮೊದಲು ಅಕ್ಷರ ಮಾಡಿಕೊಂಡು, ಮೇಲೆ ಫಿಲ್ಟರ್‌ರೀಡರ್ ಬಳಸಿ.

ಪದರಗಳ ಕ್ರಮಕ್ಕೂ ಇದೇ ಮಾತು. ರೀಡರ್ ಮೇಲೆ ಜಿಜಿಪ್ ಸುತ್ತಲು ಹೋದರೆ ಕಂಪೈಲರ್ ತಡೆಯುತ್ತದೆ, ಎರಡರ ಜಾತಿ ಬೇರೆ. ಆದರೆ ನಿಮ್ಮ 13 ಕೀಳುವ ಫಿಲ್ಟರನ್ನು ಜಿಜಿಪ್‌ನ ಕೆಳಗೆ ಇಟ್ಟರೆ ಕಂಪೈಲರ್ ಸುಮ್ಮನಿರುತ್ತದೆ. ಎರಡೂ ಇನ್‌ಪುಟ್‌ಸ್ಟ್ರೀಮ್ ತಾನೇ? ಆಗ ಒತ್ತಿ ಕಟ್ಟಿದ ಡೇಟಾದ ನಡುವೆ ಎಲ್ಲೋ ಇದ್ದ 13 ಹೋಗಿ, ಬಿಚ್ಚುವಾಗ ಎಕ್ಸೆಪ್ಷನ್ ಬರುತ್ತದೆ. ಚಿಕ್ಕ ಫೈಲಿನಲ್ಲಿ 13 ಇಲ್ಲದೇ ಇರಬಹುದು, ಆಗ ಪಾಸ್. ಅದೇ ಹೆಚ್ಚು ಅಪಾಯ. ನಿಮ್ಮ ಫೈಲಿಗೆ ಸರಿಯಾದ ಕ್ರಮ ಒಳಗಿನಿಂದ ಹೀಗೆ: ಫೈಲ್, ಜಿಜಿಪ್, ಬೇಕಿದ್ದರೆ 13ರ ಫಿಲ್ಟರ್, ತಲೆಯ ಮೂರು ಬೈಟ್ ನೋಡುವ ಪುಶ್‌ಬ್ಯಾಕ್, ಯುಟಿಎಫ್-8 ರೀಡರ್, ಬಫರ್ಡ್‌ರೀಡರ್. ಪ್ರತಿ ಪದರಕ್ಕೂ "ಇದರ ಕೈಗೆ ಬರುವಾಗ ಡೇಟಾ ಯಾವ ರೂಪದಲ್ಲಿರುತ್ತದೆ?" ಅಂತ ಕೇಳಿಕೊಂಡರೆ ಕ್ರಮ ತಾನಾಗಿ ಸಿಗುತ್ತದೆ.

ಮುಚ್ಚುವ ವಿಚಾರ. ಹೊರಗಿನದನ್ನು ಕ್ಲೋಸ್ ಮಾಡಿದರೆ ಒಳಗಿನವೆಲ್ಲ ಮುಚ್ಚುತ್ತವೆ. 2011ರ ಜಾವಾ 7ರಿಂದ ಟ್ರೈ ಆವರಣದೊಳಗೇ ಸ್ಟ್ರೀಮ್ ತೆರೆದರೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಸುತ್ತಬೇಡಿ. ಫೈಲ್ ನಿಜವಾಗಿ ಜಿಜಿಪ್ ಅಲ್ಲದಿದ್ದರೆ ಜಿಜಿಪ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ಎಕ್ಸೆಪ್ಷನ್ ಬರುತ್ತದೆ. ಆ ಹೊತ್ತಿಗೆ ಫೈಲ್ ತೆರೆದಾಗಿದೆ, ಮುಚ್ಚಲು ಯಾರೂ ಇಲ್ಲ. ಪ್ರತಿಯೊಂದಕ್ಕೂ ಬೇರೆ ವೇರಿಯಬಲ್ ಕೊಟ್ಟರೆ ಈ ತೊಂದರೆ ಇಲ್ಲ, ಕೋಡ್ ಓದಲೂ ಚೆನ್ನಾಗಿರುತ್ತದೆ.

ಕೀಬೋರ್ಡ್‌ನ ಸಿಸ್ಟಮ್ ಡಾಟ್ ಇನ್ ಮೇಲೆ ಒಂದೇ ಒಂದು ರೀಡರ್ ಸುತ್ತಿ, ಅದನ್ನೇ ಎಲ್ಲ ಮೆಥಡ್‌ಗೂ ಕೊಡಿ. ಪ್ರತಿ ಮೆಥಡ್‌ನಲ್ಲೂ ಹೊಸದು ಸುತ್ತಿದರೆ, ಟೈಪ್ ಮಾಡಿ ನೋಡುವಾಗ ಸರಿ ಕಾಣುತ್ತದೆ. ಇನ್‌ಪುಟ್ ಫೈಲಿನಿಂದ ಬಂದಾಗ ಮೊದಲ ರೀಡರ್ ಮುಂದಿನ ಸಾಲುಗಳನ್ನೂ ತನ್ನ ಬಫರ್‌ಗೆ ಎಳೆದುಕೊಂಡಿರುತ್ತದೆ, ಎರಡನೆಯದಕ್ಕೆ ಆ ಸಾಲುಗಳು ಸಿಗುವುದಿಲ್ಲ.

ಫಿಲ್ಟರ್ ಪರೀಕ್ಷಿಸಲು ಡಿಸ್ಕ್‌ನ ಫೈಲ್ ಬೇಕಿಲ್ಲ. ತಳದಲ್ಲಿ ಬೈಟ್‌ಅರೇಇನ್‌ಪುಟ್‌ಸ್ಟ್ರೀಮ್ ಇಟ್ಟು, "ಹೊನ್ನಾಳಿ" ಅಂತ ಬರೆದು ನಡುವೆ ಮತ್ತು ಕೊನೆಯಲ್ಲಿ 13 ಸೇರಿಸಿ. ಒಮ್ಮೆ ಒಂದೊಂದೇ ಬೈಟ್ ಓದಿ, ಒಮ್ಮೆ ದೊಡ್ಡ ಅರೇಗೆ, ಒಮ್ಮೆ ಒಂದೇ ಬೈಟ್ ಹಿಡಿಯುವ ಅರೇಗೆ. ಬರೀ 13 ಇರುವ ಅರೇಯನ್ನೂ ಕೊಟ್ಟು ನೋಡಿ, -1 ಬರಬೇಕು.