ಟಿವಿ ತೋರಿಸುವುದು 5, ಗಾಳಿಯಲ್ಲಿ ಬರುವುದು 29

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಆಂಟೆನಾ ಹಾಕಿ 5ನೇ ಚಾನೆಲ್ ಒತ್ತಿದರೆ ಕೆಪಿಐಎಕ್ಸ್ ಎಂಬ ಟಿವಿ ಸ್ಟೇಷನ್ ಬರುತ್ತದೆ. ಆದರೆ ಅದರ ಸಿಗ್ನಲ್ 5ರಲ್ಲಿ ಬರುವುದೇ ಇಲ್ಲ. ಗುಡ್ಡದ ಮೇಲೆ ನಿಂತಿರುವ ಸುಟ್ರೋ ಟವರಿನಿಂದ ಅದು ಹೊರಡುವುದು 29ನೇ ಚಾನೆಲ್ಲಿನಲ್ಲಿ, ಅಂದರೆ 560ರಿಂದ 566 ಮೆಗಾಹರ್ಟ್ಸ್ ನಡುವೆ. 5 ಅನ್ನುವುದು ಡಿಜಿಟಲ್ ಬರುವುದಕ್ಕೆ ಮುಂಚಿನ ಅನಲಾಗ್ ಕಾಲದ ನಂಬರ್. ಜನಕ್ಕೆ ಅದು ಬಾಯಿಗೆ ಬಂದುಬಿಟ್ಟಿದೆ. ಅದಕ್ಕೇ ಸಿಗ್ನಲ್ ಜೊತೆಯಲ್ಲೇ ‘ನನ್ನನ್ನು 5 ಅಂತ ತೋರಿಸು’ ಎಂದು ಟಿವಿಗೆ ಹೇಳಿ ಕಳಿಸುತ್ತಾರೆ.

ಕೇಬಲ್ ಬಿಲ್ ಜಾಸ್ತಿಯಾಯಿತು, ಆಂಟೆನಾ ಹಾಕೋಣ ಅಂತ ಹೊರಟ ಅಮೆರಿಕದ ಕನ್ನಡಿಗರು ಮೊದಲು ಹುಡುಕಬೇಕಾದದ್ದು ಈ ಒಳಗಿನ ನಂಬರನ್ನು. ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ನಕ್ಷೆಯಲ್ಲಿ ಮನೆ ವಿಳಾಸ ಹಾಕಿದರೆ ಯಾವ ಟವರ್ ಯಾವ ದಿಕ್ಕಿನಲ್ಲಿದೆ, ಸಿಗ್ನಲ್ ನಿಜವಾಗಿ ಯಾವ ಚಾನೆಲ್ಲಿನಲ್ಲಿ ಬರುತ್ತದೆ, ಎಲ್ಲವೂ ಸಿಗುತ್ತದೆ. ಇದನ್ನು ನೋಡದೆ ಅಂಗಡಿಗೆ ಹೋದರೆ ಡಬ್ಬದ ಮೇಲಿನ ‘4ಕೆ ಆಂಟೆನಾ’, ‘200 ಮೈಲಿ’ ಅನ್ನುವ ಅಕ್ಷರಗಳಿಗೆ ಮರುಳಾಗುವುದೇ. ಆಂಟೆನಾಗೆ 4ಕೆ ಗೊತ್ತಿಲ್ಲ, ಡಿಜಿಟಲ್ ಕೂಡ ಗೊತ್ತಿಲ್ಲ. ಅದು ಲೋಹದ ಕಡ್ಡಿ, ಅಷ್ಟೇ. ಇನ್ನು 200 ಮೈಲಿ? ಭೂಮಿ ಗುಂಡಗಿದೆ. ಎಷ್ಟೇ ಎತ್ತರದ ಟವರ್ ಆದರೂ 60-70 ಮೈಲಿ ದಾಟಿದ ಮೇಲೆ ಸಾಮಾನ್ಯವಾಗಿ ಅದು ಬಾಗಿದ ನೆಲದ ಮರೆಗೆ ಹೋಗಿರುತ್ತದೆ.

ಕಡ್ಡಿಗೆ ಮುಖ್ಯವಾದದ್ದು ಅಲೆಯ ಉದ್ದ. ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಅದರ ಅರ್ಧದಷ್ಟು ಉದ್ದದ ಕಡ್ಡಿ ಆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. 29ನೇ ಚಾನೆಲ್ಲಿಗೆ ಸುಮಾರು 27 ಸೆಂಟಿಮೀಟರ್ ಸಾಕು. ಕಿಟಕಿಗೆ ಅಂಟಿಸುವ ಹಾಳೆಯಂಥ ಆಂಟೆನಾದಲ್ಲೂ ಅಷ್ಟು ಜಾಗ ಇರುತ್ತದೆ. ಈಗ ಫಿಲಡೆಲ್ಫಿಯಾಕ್ಕೆ ಹೋಗೋಣ. ಅಲ್ಲಿನ ಡಬ್ಲ್ಯುಪಿವಿಐ ತೋರಿಸುವುದೂ 6, ನಿಜವಾಗಿ ಬರುವುದೂ 6. ಅಂದರೆ 82ರಿಂದ 88 ಮೆಗಾಹರ್ಟ್ಸ್. ಅದಕ್ಕೆ ಬೇಕಾದ ಕಡ್ಡಿ ಹತ್ತಿರ ಹತ್ತಿರ 1.75 ಮೀಟರ್, ಒಬ್ಬ ಆಳಿನ ಉದ್ದ! 2009ರ ಜೂನ್ 12ರಂದು ಅಮೆರಿಕದ ದೊಡ್ಡ ಸ್ಟೇಷನ್ನುಗಳು ಅನಲಾಗ್ ನಿಲ್ಲಿಸಿದಾಗ ಈ 6 ಎಷ್ಟೋ ಮನೆಗಳಲ್ಲಿ ಮಾಯವಾಯಿತು. ಶಿಕಾಗೋದ ಡಬ್ಲ್ಯುಎಲ್‌ಎಸ್ ಆಗ 7ರಲ್ಲಿತ್ತು. ಅಲ್ಲೂ ಇದೇ ಗೋಳು. ಅದು 44ಕ್ಕೆ ಜಾಗ ಬದಲಾಯಿಸಿತು (ಆಗ 36ರ ಮೇಲಿನ ನಂಬರುಗಳೂ ಇದ್ದವು). ನಿಮ್ಮೂರಿನ ಸ್ಟೇಷನ್ನುಗಳ ಒಳಗಿನ ನಂಬರ್ ಎಲ್ಲವೂ 14ರಿಂದ 36ರೊಳಗೆ ಇದ್ದರೆ ಚಿಕ್ಕ ಆಂಟೆನಾ ಸಾಕು. 2ರಿಂದ 13ರೊಳಗೆ ಒಂದಾದರೂ ಇದ್ದರೆ ಉದ್ದ ಕಡ್ಡಿ ಇರುವುದನ್ನೇ ತನ್ನಿ.

ನಮ್ಮ ಕಡೆ ದೂರದರ್ಶನದ ಕಾಲದಲ್ಲಿ ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು ‘ಬಂತು, ಬಂತು... ಅಯ್ಯೋ ಹೋಯ್ತು’ ಅಂತ ಕೂಗುವುದು ನೆನಪಿದೆಯಲ್ವಾ? ಬರೀ ಗ್ರೇನ್ಸ್ ಇದ್ದರೂ ಅದರೊಳಗೆ ಮಸುಕಾಗಿ ಒಂದು ಮುಖ ಕಾಣುತ್ತಿತ್ತು. ಸರಿದಾರಿಯಲ್ಲಿದ್ದೇವೆ ಎಂದು ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಆ ಸುಳಿವು ಇಲ್ಲ. ಸಿಗ್ನಲ್ ಅದರ ಜೊತೆ ಬೆರೆತು ಬರುವ ಬೇಡದ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿದ್ದರೆ ಚಿತ್ರ ಕನ್ನಡಿಯಂತೆ ಇರುತ್ತದೆ. ಸ್ವಲ್ಪ ಇಳಿದರೆ ಚೌಕ ಚೌಕವಾಗಿ ಒಡೆದು ನಿಂತೇ ಹೋಗುತ್ತದೆ. ಆದ್ದರಿಂದ ಟಿವಿಯ ಮೆನುವಿನಲ್ಲಿರುವ ಸಿಗ್ನಲ್ ಮೀಟರ್ ನೋಡಿಕೊಂಡು ತಿರುಗಿಸಬೇಕು.

ಆಂಪ್ಲಿಫೈಯರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಬೇರೆ. ಅದು ಸಿಗ್ನಲ್ಲನ್ನೂ ಗದ್ದಲವನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಉದ್ದದ ಕೇಬಲ್ಲಿನಲ್ಲಿ ಸೋರಿಹೋಗುವುದನ್ನು ತುಂಬಿಕೊಡಲು ಅದು ಬೇಕು. ಆದರೆ ಟವರ್ ಪಕ್ಕದಲ್ಲೇ ಮನೆ ಇದ್ದರೆ ಟಿವಿಯೊಳಗೆ ಚಾನೆಲ್ ಹಿಡಿಯುವ ಟ್ಯೂನರ್ ಉಸಿರುಗಟ್ಟಿ ಇದ್ದ ಚಾನೆಲ್ಲೂ ಹೋಗಬಹುದು. ಅದರ ಬದಲು ಆಂಟೆನಾದ ಜಾಗ ಬದಲಾಯಿಸಿ ನೋಡಿ. ಕ್ಯಾಲಿಫೋರ್ನಿಯಾದ ಎಷ್ಟೋ ಮನೆಗಳ ಗೋಡೆಯ ಗಾರೆಯೊಳಗೆ ತಂತಿ ಬಲೆ ಇರುತ್ತದೆ. ಅದರ ಹಿಂದೆ ಕೂತ ಆಂಟೆನಾ ಏನು ಮಾಡೀತು? ಟವರ್ ಕಡೆಗಿರುವ ಕಿಟಕಿ ಪರವಾಗಿಲ್ಲ, ಸೂರಿನ ಮೇಲಾದರೆ ಇನ್ನೂ ಒಳ್ಳೆಯದು.

ಇನ್ನು ಕನ್ವರ್ಟರ್ ಬಾಕ್ಸ್, ಅಂದರೆ ಡಿಜಿಟಲ್ ಟ್ಯೂನರ್ ಇಲ್ಲದ ಟಿವಿಗೆ ಆ ಸಿಗ್ನಲ್ ಹಿಡಿದುಕೊಡುವ ಡಬ್ಬಿ. 2007ರ ಮಾರ್ಚ್‌ನಿಂದ ಅಮೆರಿಕಕ್ಕೆ ಬರುವ ಟಿವಿಗಳಲ್ಲಿ ಡಿಜಿಟಲ್ ಟ್ಯೂನರ್ ಇರಲೇಬೇಕೆಂಬ ನಿಯಮ ಬಂತು. ಹಾಗಾಗಿ ಹೆಚ್ಚಿನವರಿಗೆ ಬಾಕ್ಸ್ ಬೇಡ. ಹಳೇ ಡಬ್ಬಾ ಟಿವಿಗಳಿಗಾಗಿ ಆಗ ಸರ್ಕಾರವೇ ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಹಂಚಿತ್ತು. ಈಗ ಪ್ರೊಜೆಕ್ಟರ್‌ಗೋ ಟ್ಯೂನರ್ ಇಲ್ಲದ ಮಾನಿಟರ್‌ಗೋ ಬೇಕಿದ್ದರೆ ಎಚ್‌ಡಿಎಂಐ ಇರುವುದನ್ನು ತೆಗೆದುಕೊಳ್ಳಿ. ಎಟಿಎಸ್‌ಸಿ 3.0 ಎಂಬ ಹೊಸ ಪದ್ಧತಿಯ ಬಾಕ್ಸ್‌ಗಳೂ ಬಂದಿವೆ. ಆದರೆ ಕೆಲವು ಸ್ಟೇಷನ್ನುಗಳು ಹೊಸ ಸಿಗ್ನಲ್ಲಿಗೆ ಬೀಗ ಹಾಕಿವೆ. ಆ ಬೀಗ ತೆರೆಯುವ ಬಾಕ್ಸ್ ಹೌದೋ ಅಲ್ಲವೋ ಕೇಳದೆ ದುಡ್ಡು ಕೊಡಬೇಡಿ.

ಊರಿಗೆ ಹೋಗುವಾಗ ಅಪ್ಪ ಅಮ್ಮನಿಗೆ ಅಂತ ಈ ಬಾಕ್ಸನ್ನು ಸೂಟ್‌ಕೇಸಿಗೆ ತುಂಬಬೇಡಿ. ಅಮೆರಿಕದ ಡಿಜಿಟಲ್ ಟಿವಿಯದು ಎಟಿಎಸ್‌ಸಿ ಪದ್ಧತಿ. ದೂರದರ್ಶನ 2016ರಲ್ಲಿ ಬೆಂಗಳೂರಿನಂಥ ನಗರಗಳಲ್ಲಿ ಶುರು ಮಾಡಿದ್ದು ಡಿವಿಬಿ-ಟಿ2 ಎಂಬ ಬೇರೆ ಪದ್ಧತಿ. ಒಂದರ ಬಾಕ್ಸ್‌ಗೆ ಇನ್ನೊಂದರ ಸಿಗ್ನಲ್ ಅರ್ಥವಾಗುವುದಿಲ್ಲ. ಬಾಕ್ಸ್ ಆನ್ ಆಗುತ್ತದೆ, ಪೂರ್ತಿ ಸ್ಕ್ಯಾನ್ ಮಾಡುತ್ತದೆ, ಒಂದು ಚಾನೆಲ್ಲೂ ಸಿಗುವುದಿಲ್ಲ.