ಮೊದಲ ಹೊಲಿಗೆ ಯಂತ್ರ: ಎಲ್ಲಿ ಕೊಳ್ಳಲಿ?

ಪ್ರಶ್ನೆ: ಮೂರು ತಿಂಗಳಿಂದ ಟೈಲರಿಂಗ್ ತರಗತಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಯಂತ್ರ ಬೇಕಾಗಿದೆ. ನಮ್ಮೂರಿನ ಅಂಗಡಿಯಲ್ಲಿ ಹೇಳಿದ ಬೆಲೆಗಿಂತ ಆನ್‌ಲೈನ್‌ನಲ್ಲಿ ಸಾವಿರದ ಐನೂರು ರೂಪಾಯಿ ಕಡಿಮೆ ಇದೆ. ಎಲ್ಲಿ ಕೊಂಡರೆ ಒಳ್ಳೆಯದು?

ಉತ್ತರ: ಅಂಗಡಿಯಲ್ಲೇ ಕೊಳ್ಳಿ. ಆದರೆ ಒಂದು ಷರತ್ತು. ಆ ಅಂಗಡಿಯ ಒಳಗೋ ಪಕ್ಕದಲ್ಲೋ ಯಂತ್ರ ಬಿಚ್ಚಿ ಜೋಡಿಸಬಲ್ಲ ಒಬ್ಬ ಮೆಕ್ಯಾನಿಕ್ ಇರಬೇಕು. ಮೆಕ್ಯಾನಿಕ್ ಇಲ್ಲದೆ, ಟಿವಿ ಮಿಕ್ಸಿಗಳ ನಡುವೆ ಪೆಟ್ಟಿಗೆಯಲ್ಲೇ ಇಟ್ಟು ಮಾರುವ ಅಂಗಡಿಯಾದರೆ ಅದಕ್ಕೂ ಆನ್‌ಲೈನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಹೊಲಿಗೆ ಯಂತ್ರ ಫ್ರಿಜ್ಜಿನಂತೆ ತಂದು ಪ್ಲಗ್ ಹಾಕಿ ಮರೆತುಬಿಡುವ ವಸ್ತುವಲ್ಲ. ಮೊದಲ ಒಂದೆರಡು ತಿಂಗಳು ಅದು ದಿನಕ್ಕೊಂದು ತಕರಾರು ತೆಗೆಯುತ್ತದೆ, ಮತ್ತು ತಪ್ಪು ಯಂತ್ರದ್ದೋ ನಮ್ಮದೋ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ನನ್ನ ಮೊದಲ ಯಂತ್ರ ಕೊರಿಯರ್‌ನಲ್ಲಿ ಬಂದದ್ದು. ಎರಡನೆಯ ದಿನವೇ ಬಟ್ಟೆಯ ಅಡಿಯಲ್ಲಿ ದಾರ ಕಾಗೆಗೂಡಿನಂತೆ ಸುತ್ತಿಕೊಳ್ಳತೊಡಗಿತು. ಗಂಟು ಕೆಳಗೆ ಕಾಣುತ್ತಿದೆಯಲ್ಲ, ದೋಷವೂ ಕೆಳಗೇ ಇರಬೇಕು ಎಂದುಕೊಂಡು ಕೆಳದಾರ ಸುತ್ತಿದ ಪುಟ್ಟ ಉರುಳೆ, ಅಂದರೆ ಬಾಬಿನ್, ಕೂರುವ ಕೇಸಿನ ಪುಟ್ಟ ತಿರುಪನ್ನು ಒಮ್ಮೆ ಬಿಗಿ ಮಾಡಿದೆ, ಒಮ್ಮೆ ಸಡಿಲಿಸಿದೆ. ಸಹಾಯವಾಣಿಗೆ ಫೋನ್ ಮಾಡಿ ಮಾಡಿ ಮೂರು ವಾರ ಕಳೆದವು. ಕೊನೆಗೆ ಯಂತ್ರವನ್ನು ಆಟೋದಲ್ಲಿಟ್ಟುಕೊಂಡು ಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ.

ಅವರು ಏನನ್ನೂ ಬಿಚ್ಚಲಿಲ್ಲ. ಬಟ್ಟೆಯನ್ನು ಅದುಮಿ ಹಿಡಿಯುವ ಒತ್ತುಪಾದವನ್ನು ಮೇಲೆತ್ತಿದರು, ಮೇಲಿನ ದಾರವನ್ನು ಪೂರ್ತಿ ಎಳೆದು ತೆಗೆದರು, ಮತ್ತೆ ಮೊದಲಿನಿಂದ ಹಾಕಿದರು. ಅಷ್ಟೇ. ನಾನು ಪಾದ ಕೆಳಗಿಟ್ಟುಕೊಂಡೇ ದಾರ ಹಾಕುತ್ತಿದ್ದೆ. ಹಾಗೆ ಮಾಡಿದರೆ ಮೇಲಿನ ದಾರವನ್ನು ಹದವಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಬಿಗಿದುಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರದೆ ಹೊರಗೇ ಜಾರುತ್ತದೆ, ಹಿಡಿತ ತಪ್ಪಿದ ಮೇಲಿನ ದಾರವೆಲ್ಲ ಕೆಳಗೆ ಹೋಗಿ ಗಂಟಾಗುತ್ತದೆ. ಅವರಿಗೆ ನಿಜವಾಗಿ ಹೊತ್ತು ಹಿಡಿದದ್ದು ನಾನು ಕೆಡಿಸಿಟ್ಟಿದ್ದ ಬಾಬಿನ್ ಕೇಸನ್ನು ಸರಿಪಡಿಸಲು. ಬಾಬಿನ್ ತುಂಬಿದ ಕೇಸನ್ನು ದಾರದ ತುದಿ ಹಿಡಿದು ತೂಗಿಬಿಟ್ಟರು. ಅದು ಸರ್ರನೆ ಕೆಳಗಿಳಿಯಿತು. ತಿರುಪನ್ನು ಕೂದಲೆಳೆಯಷ್ಟು ಬಿಗಿ ಮಾಡಿ ಮತ್ತೆ ತೂಗಿಬಿಟ್ಟರು. ಈಗ ಅದು ಕದಲಲಿಲ್ಲ. ಕೈಯನ್ನು ಸಣ್ಣಗೆ ಕುಲುಕಿದಾಗ ಮಾತ್ರ ಬೆರಳಗಲ ಇಳಿದು ನಿಂತಿತು. ‘ಹೀಗಿರಬೇಕು’ ಎಂದು ನನ್ನ ಕೈಗೇ ಕೊಟ್ಟರು. ನಾನು ಉಳಿಸಿದ್ದೆ ಎಂದುಕೊಂಡ ಹಣಕ್ಕಿಂತ ಆ ಹತ್ತು ನಿಮಿಷಕ್ಕೆ ಬೆಲೆ ಹೆಚ್ಚು. ನಿಮ್ಮ ಸಾವಿರದ ಐನೂರು ಕೊಳ್ಳುವುದು ಅದನ್ನೇ.

ಅಂಗಡಿಗೆ ಹೋಗುವಾಗ ಕೈಬೀಸಿಕೊಂಡು ಹೋಗಬೇಡಿ. ರವಿಕೆಯ ರೂಬಿಯಾ ಒಂದು ಚೂರು, ಲಂಗಕ್ಕೆ ಬಳಸುವ ಪಾಪ್ಲಿನ್ ಒಂದು ಚೂರು, ಹಳೆಯ ಜೀನ್ಸಿನ ಒಂದು ತುಂಡು, ಮೇಲಿನದೂ ಕೆಳಗಿನದೂ ಬೇರೆ ಬಣ್ಣವಾಗುವಂತೆ ಎರಡು ರೀಲು ದಾರ ಜೊತೆಗಿರಲಿ. ಅಂಗಡಿಯವರು ಮಾದರಿಗೆ ಇಟ್ಟಿರುವ ಬಟ್ಟೆ ಸಾಮಾನ್ಯವಾಗಿ ದಪ್ಪಗೆ, ಗರಿಗರಿಯಾಗಿ ಇರುತ್ತದೆ. ಅದರ ಮೇಲೆ ಯಾವ ಯಂತ್ರವಾದರೂ ಚೆಂದವಾಗಿಯೇ ಹೊಲಿಯುತ್ತದೆ. ಯಂತ್ರದ ನಿಜಗುಣ ಕಾಣುವುದು ತೆಳು ರೂಬಿಯಾದ ಮೇಲೆ. ಬಟ್ಟೆ ಸುಕ್ಕುಗಟ್ಟುತ್ತಿದೆಯೇ, ಹೊಲಿಗೆ ಅಲ್ಲಲ್ಲಿ ಬಿಡುತ್ತಿದೆಯೇ, ಅಡಿಬದಿಯಲ್ಲಿ ಮೇಲಿನ ದಾರದ ಬಣ್ಣದ ಚುಕ್ಕೆಗಳು ಇಣುಕುತ್ತಿವೆಯೇ ನೋಡಿ. ಎರಡು ದಾರಗಳ ಗಂಟು ಬಟ್ಟೆಯ ಒಡಲೊಳಗೆ ಅಡಗಿರಬೇಕು. ಮೇಲೂ ಕಾಣಬಾರದು, ಕೆಳಗೂ ಕಾಣಬಾರದು. ಜೀನ್ಸನ್ನು ನಾಲ್ಕು ಮಡಿಕೆ ಮಾಡಿ, ಮೋಟಾರಿಗೆ ಬಿಡದೆ, ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸುತ್ತಾ ಸೂಜಿ ಇಳಿಸಿ. ಎಲ್ಲಾದರೂ ಕಚ್ಚಿ ಹಿಡಿದಂತಾದರೆ ಕೈಗೆ ಕೂಡಲೇ ತಿಳಿಯುತ್ತದೆ.

ಹೊಲಿಯುವವರು ನೀವೇ ಆಗಿರಬೇಕು, ಅಂಗಡಿಯವರಲ್ಲ. ಹೊಸಬರನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ಗಂಟೆ ಹೊಲಿಯಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ನಾಳೆ ದಾರ ಗಂಟಾಗಿದೆ ಎಂದು ಹೋದಾಗಲೂ ಅವರು ಹೀಗೆಯೇ ನಡೆದುಕೊಳ್ಳುತ್ತಾರೆ.

ಯಾವ ಬಗೆಯ ಯಂತ್ರ ಎಂಬುದರ ಮೇಲೂ ಎಲ್ಲಿ ಕೊಳ್ಳಬೇಕು ಎಂಬುದು ನಿಂತಿದೆ. ಕಾಲಿನಿಂದ ತುಳಿಯುವ ಕಪ್ಪು ಯಂತ್ರ ನೇರ ಹೊಲಿಗೆ ಮಾತ್ರ ಹಾಕುತ್ತದೆ. ಆದರೆ ನಮ್ಮ ದೇಶದ ಈ ಕಪ್ಪು ಯಂತ್ರಗಳೆಲ್ಲ ಹೆಚ್ಚುಕಡಿಮೆ ಹಳೆಯ ವಿನ್ಯಾಸಗಳದ್ದೇ ಸಂತಾನ. ಲುಧಿಯಾನದ ಕಾರ್ಖಾನೆಗಳಿಂದ ಬರುವ ಬಿಡಿಭಾಗಗಳು ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಕಡೆ ಸಿಗುತ್ತವೆ. ಹಾಗಾಗಿ ಇದನ್ನು ತಾಲ್ಲೂಕು ಪಟ್ಟಣದಲ್ಲೇ ಧೈರ್ಯವಾಗಿ ಕೊಳ್ಳಬಹುದು. ಸ್ಟ್ಯಾಂಡ್ ಸಮೇತ ಆರೇಳು ಸಾವಿರದ ಆಸುಪಾಸಿನಲ್ಲಿ ಬರುತ್ತದೆ, ಮುಂದೆ ಬೇಕೆನಿಸಿದರೆ ಮೋಟಾರ್ ಜೋಡಿಸಬಹುದು. ರವಿಕೆ, ಚೂಡಿದಾರ್, ಲಂಗ ಕಲಿಯುವವರಿಗೆ, ಕರೆಂಟ್ ಆಗಾಗ ಹೋಗುವ ಊರಿನವರಿಗೆ ನಾನು ಇಂದಿಗೂ ಇದನ್ನೇ ಹೇಳುತ್ತೇನೆ.

ಉಷಾ, ಸಿಂಗರ್, ಬ್ರದರ್ ಕಂಪನಿಗಳ ಅಂಕುಡೊಂಕು ಹೊಲಿಗೆಯನ್ನೂ ಹಾಕುವ ಬಿಳಿ ಬಣ್ಣದ ಜಿಗ್‌ಜಾಗ್ ಯಂತ್ರಗಳ ಕಥೆ ಬೇರೆ. ಒಂಬತ್ತು ಸಾವಿರದಿಂದ ಹದಿನೈದು ಸಾವಿರದ ನಡುವೆ ಚೆನ್ನಾಗಿರುವಂಥವು ಸಿಗುತ್ತವೆ. ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯಲು, ಗುಂಡಿ ತೂರಿಸುವ ಕಾಜಾ ಮಾಡಲು ಅನುಕೂಲ. ಆದರೆ ಇವುಗಳ ಬಿಡಿಭಾಗ ಕಂಪನಿಯಿಂದಲೇ ಬರಬೇಕು. ಕಪ್ಪು ಯಂತ್ರದಲ್ಲಿ ಪಳಗಿದ ಮೆಕ್ಯಾನಿಕ್‌ಗೆ ಇದರ ಒಳಗು ಗೊತ್ತಿರಲೇಬೇಕೆಂದಿಲ್ಲ. ಆದ್ದರಿಂದ ಕಂಪನಿಯ ಅಧಿಕೃತ ಮಾರಾಟಗಾರರ ಬಳಿಯೇ, ಸರ್ವಿಸ್ ಕೇಂದ್ರ ಇರುವ ಊರಿನಲ್ಲೇ ಕೊಳ್ಳಿ. ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ, ನಗರ್ತಪೇಟೆಯ ಸುತ್ತ ಒಂದು ಬೆಳಗ್ಗೆ ತಿರುಗಿದರೆ ನಾಲ್ಕಾರು ಮಾದರಿಗಳನ್ನು ಹೊಲಿದೇ ನೋಡಬಹುದು.

ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಸಿಗುವ, ಪೆನ್ಸಿಲ್ ಸೆಲ್ಲಿನಿಂದಲೂ ಓಡುವ ಅಂಗೈಯಗಲದ ಮಿನಿ ಯಂತ್ರವನ್ನು ದಯವಿಟ್ಟು ಕೊಳ್ಳಬೇಡಿ. ನಾಲ್ಕು ಪದರ ಬಟ್ಟೆ ಬಂದರೆ ಅದು ಉಸಿರುಗಟ್ಟಿ ನಿಲ್ಲುತ್ತದೆ. ಅದರಲ್ಲಿ ಕಲಿಯಹೊರಟವರು ತಮಗೆ ಹೊಲಿಗೆ ಒಲಿಯುವುದಿಲ್ಲ ಎಂದು ಕೈಬಿಟ್ಟದ್ದನ್ನು ಕಂಡು ನನಗೆ ಸಂಕಟವಾಗಿದೆ. ತಪ್ಪು ಅವರ ಕೈಯದ್ದಾಗಿರಲಿಲ್ಲ.

ಹಾಗೆಂದು ಆನ್‌ಲೈನ್ ಬೇಡವೇ ಬೇಡ ಎಂದಲ್ಲ. ನಿಮಗೆ ಬೇಕಾದ ಮಾದರಿ ಯಾವುದೆಂದು ಹೊಲಿದು ನೋಡಿಯೇ ತಿಳಿದಿದ್ದರೆ, ಕಂಪನಿಯ ಸರ್ವಿಸ್ ಕೇಂದ್ರ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಇದ್ದರೆ, ಆನ್‌ಲೈನ್ ಬಿಲ್ಲಿಗೂ ಗ್ಯಾರಂಟಿ ಸೇವೆ ಕೊಡುತ್ತೇವೆ ಎಂದು ಆ ಕೇಂದ್ರದವರೇ ಹೇಳಿದರೆ, ತರಿಸಿಕೊಳ್ಳಿ. ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಹೊಲಿಗೆ ಯಂತ್ರದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ಬೆಲೆಚೀಟಿ ತೋರಿಸುವ ಅಂಗಡಿಯಲ್ಲಿ ಈ ಮಾತನ್ನು ಎತ್ತಿದರೆ ಆನ್‌ಲೈನಿಗೂ ಅಂಗಡಿಗೂ ಇರುವ ಅಂತರ ಕೆಲವೊಮ್ಮೆ ಅಲ್ಲೇ ಕರಗುತ್ತದೆ.

ಕೊಳ್ಳುವ ಮುನ್ನ ಮನೆಯ ಅಟ್ಟವನ್ನೂ ಒಮ್ಮೆ ನೋಡಿ. ಅಜ್ಜಿಯದೋ ಅತ್ತೆಯದೋ ಕಪ್ಪು ಯಂತ್ರ ಧೂಳು ಹಿಡಿದು ಕೂತಿದ್ದರೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಚಕ್ರ ತಿರುಗದಿದ್ದರೆ ಬಹುಪಾಲು ಸಲ ಅದು ತುಕ್ಕಲ್ಲ, ಒಣಗಿ ಅಂಟಾದ ಹಳೆಯ ಎಣ್ಣೆ. ತೊಳೆದು, ಹೊಸ ಎಣ್ಣೆ ಬಿಟ್ಟು, ಚರ್ಮದ ಬೆಲ್ಟ್ ಬದಲಿಸಿದರೆ ಇನ್ನೊಂದು ತಲೆಮಾರು ಓಡುತ್ತದೆ.

ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಹೊರಬೀಳುವ ಹಳೆಯ ಪವರ್ ಯಂತ್ರ ಅಗ್ಗವಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಲಿಯುವವರಿಗೆ ಅದು ಬೇಡ. ಮನೆಯ ಯಂತ್ರ ನಿಮಿಷಕ್ಕೆ ಏಳೆಂಟುನೂರು ಹೊಲಿಗೆ ಹಾಕಿದರೆ ಅದು ನಾಲ್ಕೈದು ಸಾವಿರ ಹಾಕಬಲ್ಲದು. ಹೊಸ ಕಾಲಿಗೆ ಆ ಓಟ ನಿಲ್ಲಿಸಲು ಬರುವುದಿಲ್ಲ. ಅದರ ಸೂಜಿಯೂ ಬೇರೆ: ಮನೆಯ ಸೂಜಿಯ ಹಿಡಿ ಒಂದು ಬದಿ ಚಪ್ಪಟೆ, ಅದರದ್ದು ಪೂರ್ತಿ ಗುಂಡು. ಇನ್ನು ಅಮೆರಿಕದಲ್ಲಿರುವ ಮಗಳೋ ತಂಗಿಯೋ ಅಲ್ಲಿನ ಯಂತ್ರ ತರುತ್ತೇನೆ ಎಂದರೆ ಬೇಡ ಎನ್ನಿ. ಅದು 120 ವೋಲ್ಟಿನದು, ನಮ್ಮದು 230. ನೇರವಾಗಿ ಪ್ಲಗ್ ಹಾಕಿದರೆ ಮೋಟಾರ್ ಸುಡುತ್ತದೆ.

‘ಎಲ್ಲ ಮಹಿಳೆಯರಿಗೂ ಉಚಿತ ಹೊಲಿಗೆ ಯಂತ್ರ, ಈ ಲಿಂಕ್ ಒತ್ತಿ’ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಬೇಡಿ. ಪ್ರಧಾನಮಂತ್ರಿಯ ಹೆಸರಿನ ಅಂಥ ಯೋಜನೆ ಸುಳ್ಳು ಎಂದು ಕೇಂದ್ರದ ವಾರ್ತಾ ಸಂಸ್ಥೆ ಪಿಐಬಿಯೇ ತಿಳಿಸಿದೆ. ನಿಜವಾಗಿ ಇರುವುದು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು, ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಆದರೆ ಅದು ಆಗಲೇ ಹೊಲಿಗೆಯನ್ನು ಕಸುಬಾಗಿಸಿಕೊಂಡವರಿಗೆ. ನಮ್ಮ ಜಿಲ್ಲಾ ಪಂಚಾಯಿತಿಗಳ ಕೈಗಾರಿಕಾ ವಿಭಾಗದವರೂ ಗ್ರಾಮೀಣ ಮಹಿಳೆಯರಿಗೆ ಯಂತ್ರ ಕೊಡಲು ಅರ್ಜಿ ಕರೆಯುವುದುಂಟು. ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಅಂಗಡಿಯಲ್ಲಿ ಚೌಕಾಸಿ ಮಾಡುವುದಾದರೆ ಬೆಲೆಗಾಗಿ ಜಗ್ಗಾಡುವುದಕ್ಕಿಂತ ಹತ್ತು ಬಾಬಿನ್, 11, 14, 16ನೇ ನಂಬರಿನ ಸೂಜಿಗಳು, ಒಂದು ಬಾಟಲಿ ಎಣ್ಣೆ ಮತ್ತು ಆರು ತಿಂಗಳಿಗೊಂದು ಉಚಿತ ಸರ್ವಿಸ್ ಕೇಳಿ. ಗ್ಯಾರಂಟಿ ಕಾರ್ಡಿಗೆ ಮುದ್ರೆ ಹಾಕಿಸಿ, ಮೆಕ್ಯಾನಿಕ್‌ನ ಮೊಬೈಲ್ ನಂಬರನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಆಯುಧಪೂಜೆಯ ವಾರ ರಿಯಾಯಿತಿ ಇರುತ್ತದೆ ನಿಜ, ಆದರೆ ಆಗ ಊರಿನ ದರ್ಜಿಗಳ ಯಂತ್ರಗಳೆಲ್ಲ ಸರ್ವಿಸ್‌ಗೆ ಸಾಲುಗಟ್ಟಿರುತ್ತವೆ, ನಿಮ್ಮನ್ನು ಕೂರಿಸಿ ತೋರಿಸಲು ಯಾರಿಗೂ ಪುರಸೊತ್ತಿರುವುದಿಲ್ಲ. ಹಬ್ಬ ಕಳೆದ ಮೇಲೆ, ವಾರದ ನಡುವಿನ ಒಂದು ದಿನ, ಅಂಗಡಿ ಬಾಗಿಲು ತೆರೆದು ಕಸ ಗುಡಿಸಿದ ಹೊತ್ತಿಗೆ ಬಟ್ಟೆಯ ಚೂರುಗಳ ಚೀಲ ಹಿಡಿದು ಹೋಗಿ.