ಕಂಪನಿ ಹೆಸರಿನ ಡೊಮೇನ್ ಮೊದಲು ತಗೊಂಡವರದ್ದೇ ಅಲ್ವಾ?

ಬಾಗಲಕೋಟೆಯ ಓದುಗರೊಬ್ಬರ ಪ್ರಶ್ನೆ: "ಸರ್, ಬಿಡುವಿದ್ದಾಗ ಡೊಮೇನ್ ಹೆಸರು, ಅಂದರೆ ವೆಬ್‌ಸೈಟ್ ವಿಳಾಸ, ಕೊಂಡು ಮಾರುತ್ತೇನೆ. ಒಂದು ಬ್ಯಾಂಕಿನ ಹೆಸರು, ಬೆಳಗಾವಿಯ ಹಳೇ ಕುಂದಾ ಅಂಗಡಿಯೊಂದರ ಹೆಸರು ಖಾಲಿ ಇದ್ದವು, ತಗೊಂಡೆ. ಅಂಗಡಿಯವರು ಈಗ ಆನ್‌ಲೈನ್ ಮಾರಾಟ ಶುರು ಮಾಡುತ್ತಾರಂತೆ. ಐವತ್ತು ಸಾವಿರ ಕೇಳಬಹುದಾ? ನವನಗರದಲ್ಲಿ ಸೈಟು ತಗೊಂಡು, ರೇಟು ಏರಿದ ಮೇಲೆ ಮಾರಿದ ಹಾಗೇ ಅಲ್ವಾ?"

ಅಲ್ಲ. ಸೈಟು ನೋಂದಣಿಯಾದರೆ ಅದು ನಿಮ್ಮ ಆಸ್ತಿ. ಡೊಮೇನ್ ನೋಂದಣಿಯಲ್ಲಿ ಸಿಗುವುದು ಫೀ ಕಟ್ಟಿದಷ್ಟು ವರ್ಷ ಆ ವಿಳಾಸ ಬಳಸುವ ಅವಕಾಶ, ಅಷ್ಟೇ. ಹೆಸರು ಖಾಲಿ ಇದೆಯಾ ಅಂತ ಮಾತ್ರ ನೋಡಿ ಕೊಡುತ್ತಾರೆ. ಅದು ಇನ್ನೊಬ್ಬರ ಬ್ರ್ಯಾಂಡಾ ಅಂತ ಯಾರೂ ನೋಡುವುದಿಲ್ಲ. "ಇದರಿಂದ ಯಾರ ಹಕ್ಕಿಗೂ ಧಕ್ಕೆ ಇಲ್ಲ" ಅಂತ ಬರೆದುಕೊಟ್ಟವರು ನೀವೇ. ಓದದೆ ಒಪ್ಪಿಗೆ ಒತ್ತುತ್ತೇವಲ್ಲ, ಆ ಷರತ್ತುಗಳಲ್ಲಿ ಅದೂ ಇರುತ್ತದೆ.

ನಮ್ಮಲ್ಲಿ ಡೊಮೇನ್‌ಗೆಂದೇ ಬೇರೆ ಕಾನೂನಿಲ್ಲ, ನಿಜ. ಆದರೆ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಟ್ರೇಡ್‌ಮಾರ್ಕ್‌ಗೆ ಇರುವ ರಕ್ಷಣೆ ಡೊಮೇನ್ ಹೆಸರಿಗೂ ಇದೆ. ಕುಂದಾ ಅಂಗಡಿಯವರು ಟ್ರೇಡ್‌ಮಾರ್ಕ್ ಮಾಡಿಸಿಲ್ಲ ಅಂತ ನೀವು ನಿಶ್ಚಿಂತೆಯಿಂದ ಇದ್ದೀರೇನೋ. ಬೇಡ. ವರ್ಷಗಟ್ಟಲೆ ವ್ಯಾಪಾರ ಮಾಡಿ ಹೆಸರು ಗಳಿಸಿದವರು ನೋಂದಣಿ ಇಲ್ಲದೆಯೂ ಕೋರ್ಟಿಗೆ ಹೋಗಬಹುದು. ಬ್ಯಾಂಕಿನ ಕಥೆ ಇನ್ನೂ ಕಷ್ಟ. ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದವರು ತಮ್ಮ ವ್ಯವಹಾರ ಇರುವ ಊರಲ್ಲೇ ದಾವೆ ಹಾಕಬಹುದು. ಬಾಗಲಕೋಟೆಯಿಂದ ಮುಂಬೈಗೋ ದೆಹಲಿಗೋ ಓಡಾಡಬೇಕಾದವರು ನೀವು.

ಕೋರ್ಟಿಗೆ ಹೋಗದೆಯೂ ಡೊಮೇನ್ ಕಿತ್ತುಕೊಳ್ಳುವ ದಾರಿ ಇದೆ. ಡಾಟ್ ಕಾಮ್‌ಗೆ, ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ 1999ರ ನಿಯಮ ಇದೆ. ಡಾಟ್ ಇನ್ ಮತ್ತು ಡಾಟ್ ಭಾರತ ಹೆಸರುಗಳಿಗೆ, ಅವನ್ನು ನೋಡಿಕೊಳ್ಳುವ ನಮ್ಮ ದೇಶದ ನಿಕ್ಸಿ ಸಂಸ್ಥೆಯ ನಿಯಮ. ಎರಡರಲ್ಲೂ ಕೇಳುವುದು ಹೆಚ್ಚುಕಮ್ಮಿ ಇದನ್ನೇ: ಹೆಸರು ಇನ್ನೊಬ್ಬರ ಬ್ರ್ಯಾಂಡ್ ಹಾಗಿದೆಯಾ? ಅದನ್ನು ಇಟ್ಟುಕೊಳ್ಳಲು ನಿಮಗೆ ಸರಿಯಾದ ಕಾರಣ ಇದೆಯಾ? ಉದ್ದೇಶ ಕೆಟ್ಟದ್ದಾ?

ಮಾರುವವರು ಸಿಕ್ಕಿಬೀಳುವುದು ಈ ಉದ್ದೇಶದ ಪ್ರಶ್ನೆಯಲ್ಲೇ. ಖರ್ಚಾದದ್ದಕ್ಕಿಂತ ಜಾಸ್ತಿ ದುಡ್ಡಿಗೆ ಆ ಬ್ರ್ಯಾಂಡಿನವರಿಗೋ ಅವರ ಎದುರಾಳಿಗೋ ಮಾರಲೆಂದೇ ತಗೊಂಡಿದ್ದರೆ ಅದು ಕೆಟ್ಟ ಉದ್ದೇಶ ಅಂತ ನಿಯಮದಲ್ಲೇ ಬರೆದಿದೆ. ನೀವು ಕಳಿಸಬೇಕೆಂದಿರುವ ಐವತ್ತು ಸಾವಿರದ ಮೆಸೇಜೇ ನಿಮ್ಮ ವಿರುದ್ಧದ ಮೊದಲ ಸಾಕ್ಷಿ. ಹಾಗಾದರೆ ಏನೂ ಕೇಳದೆ ಸುಮ್ನೆ ಇಟ್ಟುಕೊಂಡರೆ? ಆಸ್ಟ್ರೇಲಿಯಾದ ಫೋನ್ ಕಂಪನಿ ಟೆಲ್‌ಸ್ಟ್ರಾದ 2000ರ ಪ್ರಕರಣದಿಂದ ಅದಕ್ಕೂ ಉತ್ತರ ಇದೆ. ಹೆಸರಾಂತ ಬ್ರ್ಯಾಂಡಾದರೆ ಸುಮ್ಮನೆ ಹಿಡಿದಿಟ್ಟುಕೊಳ್ಳುವುದೂ ಕೆಟ್ಟ ಉದ್ದೇಶ ಎನಿಸಬಹುದು.

ಜಿಯೋಹಾಟ್‌ಸ್ಟಾರ್ ಸುದ್ದಿ ನೆನಪಿರಬಹುದು. ಎರಡು ಕಂಪನಿ ಒಂದಾಗುವ ಸುಳಿವು ಹಿಡಿದು ದೆಹಲಿಯ ಡೆವಲಪರ್ ಒಬ್ಬರು ಆ ಹೆಸರು ತಗೊಂಡರು. 2024ರಲ್ಲಿ ತಮ್ಮ ಕೇಂಬ್ರಿಡ್ಜ್ ಓದಿನ ಖರ್ಚು ಕೊಡಿ ಎಂದರು. ಜಿಯೋದ ಒಡೆಯ ರಿಲಯನ್ಸ್ ಒಪ್ಪಲಿಲ್ಲ. ಆಮೇಲೆ ಅದನ್ನು ಕೊಂಡ ದುಬೈನ ಅಣ್ಣ-ತಂಗಿ ಪುಕ್ಕಟೆ ಕೊಡುತ್ತೇವೆ ಎಂದರು.

ಇನ್ನು ಸರಿ-ತಪ್ಪಿನ ಮಾತು. ಇಂಥ ಡೊಮೇನ್ ಜಗಳ ತೀರ್ಮಾನಿಸುವ ವಿಶ್ವಸಂಸ್ಥೆಯ ಅಂಗಸಂಸ್ಥೆ ವೈಪೋದಲ್ಲಿ ಒಂದು ದೂರು ಕೊಡಲು ಕನಿಷ್ಠ 1,500 ಡಾಲರ್ ಫೀ, ಅಂದರೆ ಲಕ್ಷ ರೂಪಾಯಿಗೂ ಜಾಸ್ತಿ. ಮಾರುವವರು ಇದಕ್ಕಿಂತ ಸ್ವಲ್ಪ ಕಮ್ಮಿ ಕೇಳುತ್ತಾರೆ, "ಜಗಳಕ್ಕಿಂತ ಕೊಡೋದೇ ಅಗ್ಗ" ಅಂತ ಎದುರಿನವರು ಯೋಚಿಸಲಿ ಎಂದು. ಬ್ಯಾಂಕು ಹೆದರುವುದಿಲ್ಲ, ಅದಕ್ಕೆ ವಕೀಲರಿದ್ದಾರೆ. ದುಡ್ಡು ಬಿಚ್ಚುವುದು ಕುಂದಾ ಅಂಗಡಿಯವರೇ. ಗಟ್ಟಿ ಇದ್ದವರ ಮುಂದೆ ನಡೆಯದ, ಕೈಲಾಗದವರ ಮುಂದೆ ಮಾತ್ರ ನಡೆಯುವ ಇದನ್ನು ನಾನು ವ್ಯಾಪಾರ ಅನ್ನಲಾರೆ.

ಡೊಮೇನ್ ಮಾರುವುದೇ ತಪ್ಪು ಅಂತಲ್ಲ. ಎಲ್ಲರೂ ಬಳಸುವ ಮಾತು ಯಾರೊಬ್ಬರ ಸ್ವತ್ತೂ ಅಲ್ಲ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್‌ಗೆ ಹೋಯಿತು. ಕುಂದಾ, ಕರದಂಟು, ಒಣದ್ರಾಕ್ಷಿ, ಊರ ಹೆಸರು ಸೇರಿಸಿದ ಹೊಸ ಜೋಡಣೆ, ಇವನ್ನು ಧಾರಾಳವಾಗಿ ಹುಡುಕಿ. ಆದರೆ ಇಳಕಲ್ ಸೀರೆ, ಇಂಡಿ ಲಿಂಬೆಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸಿಗುವ ಕಾನೂನು ರಕ್ಷಣೆ, ಇದೆ. ಬೇರೆ ಕಡೆಯ ಸೀರೆಯನ್ನು ಇಳಕಲ್ ಅಂತ ಮಾರುವವನ ಕೈಗೆ ಆ ಹೆಸರು ಹೋದರೆ ತಂಟೆ ತಪ್ಪಿದ್ದಲ್ಲ.

ಈಗ ನಿಮ್ಮ ಎರಡು ಹೆಸರು. ಬ್ಯಾಂಕಿನದ್ದನ್ನು ಯಾರಿಗೂ ಮಾರಬೇಡಿ. ಕೊಂಡವನು ನಕಲಿ ಲಾಗಿನ್ ಪುಟ ಮಾಡಿ ಜನರ ದುಡ್ಡು ಹೊಡೆದರೆ ಪೊಲೀಸರು ನಿಮ್ಮನ್ನೂ ಹುಡುಕಿಕೊಂಡು ಬರುತ್ತಾರೆ. ರಿನ್ಯೂ ಮಾಡದೆ ಬಿಟ್ಟುಬಿಡಿ. ಈಗಾಗಲೇ ಐಕ್ಯಾನ್ ನಿಯಮದಡಿ ದೂರು ಬಂದಿದ್ದರೆ ಉತ್ತರಕ್ಕೆ 20 ದಿನ ಸಿಗುತ್ತದೆ, ವಕೀಲರಿಗೆ ತೋರಿಸಿ. ಕುಂದಾ ಅಂಗಡಿಯವರಿಗೆ ಫೋನ್ ಮಾಡಿ, ಕಟ್ಟಿದ ಫೀ ಅಷ್ಟೇ ಕೇಳಿ ವರ್ಗಾಯಿಸಿ. ರಸೀದಿ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಜಾಸ್ತಿ ಕೇಳಿಲ್ಲ ಅಂತ ತೋರಿಸಲು ಬೇಕಾಗಬಹುದು.